ಸ್ಟೀಮ್ ಡೆಕ್ ನಂಗ್ಯಾಕೆ ಬೇಡ ಅಂದ್ರೆ

ಅಭಿ, ನಿನ್ನೆ ರಾತ್ರಿ ಗ್ರೂಪಲ್ಲಿ ಹಾಕಿದ್ಯಲ್ಲ, ಮಾಮ ಇಷ್ಟು ವರ್ಷದಿಂದ ಗೇಮ್ ಆಡ್ತಾರೆ ಆದ್ರೂ ಸ್ಟೀಮ್ ಡೆಕ್ ಅಂದ್ರೆ ಮೂಗು ಮುರೀತಾರೆ, ಯಾಕೆ ಅಂತ ಅವರೇ ಹೇಳ್ಲಿ ಅಂತ. ಅದರ ಕೆಳಗೆ ನಿಮ್ಮಮ್ಮ, ಅವನು ಹ್ಞೂಂ ಅಂದ್ರೆ ಕೊಡಿಸ್ತೀನಿ ಇಲ್ಲಾಂದ್ರೆ ಇಲ್ಲ ಅಂತ ಬರೆದು ಕೂತಿದಾಳೆ. ಒಳ್ಳೆ ಪೀಕಲಾಟಕ್ಕೆ ತಂದಿಟ್ರಿ ಅಮ್ಮ ಮಗ ಸೇರ್ಕೊಂಡು. ವಾಯ್ಸ್ ಮೆಸೇಜೇ ಕಳ್ಸೋಣ ಅಂತಿದ್ದೆ, ಆದ್ರೆ ಹತ್ತು ನಿಮಿಷದ ವಾಯ್ಸ್ ಹಾಕಿದ್ರೆ ಈ ಗ್ರೂಪಲ್ಲಿ ಯಾರೂ ಕೇಳಲ್ಲ ಅಂತ ನಂಗೊತ್ತು, ಅದಕ್ಕೆ ಮೈಕ್ ಒತ್ಕೊಂಡು ಮಾತಾಡ್ತಾ ಇದೀನಿ, ಅದೇ ಟೈಪ್ ಮಾಡ್ಕೊಳ್ತಾ ಇದೆ, ಅಲ್ಲಲ್ಲಿ ಎಡವಟ್ಟಾಗಿದ್ರೆ ಆ ಪಾಪ ನನ್ನದಲ್ಲ.

ಭಾವ, ನೀವು ಅದು ಟಿವಿಗೆ ಹಾಕೋ ವಿಡಿಯೋ ಗೇಮಾ ಅಂತ ಕೇಳಿದ್ರಿ. ಟಿವಿಗೂ ಹಾಕ್ಬೋದು, ಆದ್ರೆ ಮುಖ್ಯವಾಗಿ ಅದು ಕೈಯಲ್ಲಿ ಹಿಡ್ಕೊಂಡು ಆಡೋದು. ಮಧ್ಯದಲ್ಲಿ ಸುಮಾರು ಏಳು ಇಂಚಿನ ಸ್ಕ್ರೀನು, ಆ ಕಡೆ ಈ ಕಡೆ ಬಟನ್ನು, ಹೆಬ್ಬೆರಳಲ್ಲಿ ತಿರುಗಿಸೋ ಸ್ಟಿಕ್ಕು, ಆದ್ರೆ ಒಳಗಡೆ ಇರೋದು ಪೂರ್ತಿ ಒಂದು ಕಂಪ್ಯೂಟರೇ. ವಾಲ್ವ್ ಅನ್ನೋ ಕಂಪನಿದು, ಸ್ಟೀಮ್ ಅಂತ ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಇದೆಯಲ್ಲ, ಅದೂ ಅವರದ್ದೇ. 2022ರ ಫೆಬ್ರವರಿಯಲ್ಲಿ ಮೊದಲನೇದು ಬಂತು, 2023ರ ನವೆಂಬರಲ್ಲಿ ಓಎಲ್ಇಡಿ ಅಂತ ಇನ್ನೂ ಚೆನ್ನಾಗಿ ಬಣ್ಣ ಕಾಣೋ ಸ್ಕ್ರೀನ್ ಇರೋದು ಬಂತು.

ಮೊದಲೇ ಹೇಳ್ಬಿಡ್ತೀನಿ, ಮಷೀನು ಚೆನ್ನಾಗಿದೆ. ನಂಗೆ ಬೇಡ ಅನ್ನೋದಕ್ಕೂ ಅದು ಚೆನ್ನಾಗಿಲ್ಲ ಅನ್ನೋದಕ್ಕೂ ಅಜಗಜಾಂತರ ಇದೆ, ಆದ್ರೆ ಈಗಿನ ಕಾಲದಲ್ಲಿ ಒಂದು ವಸ್ತು ತಗೊಂಡಿಲ್ಲ ಅಂದ್ರೆ ಅದರ ಮೇಲೆ ಸಿಟ್ಟಿದೆ ಅಂತಾನೇ ಎಲ್ಲರೂ ಅಂದ್ಕೊಳ್ತಾರೆ. ಅದ್ರಲ್ಲಿ ವಿಂಡೋಸ್ ಇಲ್ಲ, ಲಿನಕ್ಸ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಇದೆ, ವಿಂಡೋಸ್‌ಗೆ ಅಂತ ಬರೆದ ಗೇಮನ್ನ ಪ್ರೋಟಾನ್ ಅನ್ನೋ ಒಂದು ಪದರ ಮಧ್ಯೆ ನಿಂತ್ಕೊಂಡು ಲಿನಕ್ಸ್ ಮೇಲೆ ಓಡಿಸುತ್ತೆ. ಹತ್ತು ವರ್ಷದ ಹಿಂದೆ ಲಿನಕ್ಸಲ್ಲಿ ಒಂದು ಗೇಮ್ ಓಡಿಸೋಕೆ ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದೀನಿ ಅಂತ ನಿಮ್ಮತ್ತೆನ ಕೇಳು. ಅಂಥದ್ರಲ್ಲಿ ಇವರು ಬಟನ್ ಒತ್ತಿದ್ರೆ ಓಡೋ ಹಾಗೆ ಮಾಡಿದಾರೆ ಅಂದ್ರೆ ಅದಕ್ಕೆ ನಂದೊಂದು ದೊಡ್ಡ ನಮಸ್ಕಾರ.

ಆದ್ರೆ ಒಂದು ವಿಷಯ ಯೋಚ್ನೆ ಮಾಡು. ನಿಂಟೆಂಡೋ ಸ್ವಿಚ್ ಯಾಕೆ ತಗೋತಾರೆ? ಮಾರಿಯೋ, ಜೆಲ್ಡಾ, ಪೋಕೆಮಾನ್ ಇವೆಲ್ಲ ಬೇರೆ ಕಡೆ ಸಿಗಲ್ಲ, ಆ ಆಟ ಬೇಕು ಅಂದ್ರೆ ಆ ಡಬ್ಬಿ ಬೇಕು, ಅಷ್ಟೇ. ಡೆಕ್ಕಲ್ಲಿ ಮಾತ್ರ ಆಡ್ಬೋದು ಅನ್ನೋ ದೊಡ್ಡ ಗೇಮ್ ಒಂದೂ ಇಲ್ಲ ಕಣೋ. ನನ್ನ ಪಿಸಿಯಲ್ಲಿ ಏನಿದೆಯೋ ಅದೇ ಅಲ್ಲೂ ಇರೋದು. ಹಂಗಾದ್ರೆ ಅದು ನನಗೆ ಹೊಸದಾಗಿ ಕೊಡೋದು ಏನು ಅಂದ್ರೆ ಜಾಗ. ಮೇಜು ಬಿಟ್ಟು ಸೋಫಾ ಮೇಲೆ, ಹಾಸಿಗೆ ಮೇಲೆ, ರೈಲಲ್ಲಿ, ಎಲ್ಲಿ ಬೇಕಾದ್ರೂ ಆಡು ಅಂತ. ಈಗ ನಾನು ನನ್ನನ್ನೇ ಕೇಳ್ಕೊಂಡೆ, ನಂಗೆ ಆ ಜಾಗ ಎಲ್ಲಿದೆ? ಕೆಲ್ಸಕ್ಕೆ ಹೋಗ್ತಾ ಬರ್ತಾ ಗಾಡಿ ಓಡಿಸೋದು ನಾನೇ, ಎರಡೂ ಕೈ ಹ್ಯಾಂಡಲ್ ಮೇಲೆ. ಬಸ್ಸಲ್ಲಿ ಹೋದ್ರೆ ಸ್ಕ್ರೀನ್ ನೋಡಿದ ಐದೇ ನಿಮಿಷಕ್ಕೆ ಹೊಟ್ಟೆ ತೊಳಸುತ್ತೆ, ಚಿಕ್ಕ ವಯಸ್ಸಿಂದ್ಲೂ ಹಂಗೇ, ಅಕ್ಕಂಗೆ ಗೊತ್ತು ಎಷ್ಟು ಸಲ ಕಿಟಕಿ ಪಕ್ಕದ ಸೀಟು ಬಿಟ್ಕೊಟ್ಟಿದಾಳೆ ಅಂತ. ರಾತ್ರಿ ಒಂಬತ್ತೂವರೆ ಮೇಲೆ ಒಂದೂವರೆ ಗಂಟೆ ಸಿಗುತ್ತೆ, ಆಗ ಮೇಜು ಖಾಲಿ, ಕುರ್ಚಿ ಖಾಲಿ, ದೊಡ್ಡ ಮಾನಿಟರ್ ಅಲ್ಲೇ ಇದೆ. ಅದನ್ನ ಬಿಟ್ಟು ಏಳು ಇಂಚು ಇಟ್ಕೊಂಡು ಸೋಫಾ ಮೇಲೆ ಯಾಕೆ ಮುದುರ್ಕೊಳ್ಳಿ ಹೇಳು.

ಆಡಿ ನೋಡದೆ ಮಾತಾಡ್ತಿಲ್ಲ. ನಮ್ಮ ಆಫೀಸಿನ ಹುಡುಗ ಒಬ್ಬ ರಜೆಗೆ ಹೋಗೋವಾಗ ಅವನ ಓಎಲ್ಇಡಿ ಡೆಕ್ಕನ್ನ ಎರಡು ವಾರ ನನ್ನ ಕೈಗೆ ಕೊಟ್ಟು, ಸಾರ್ ಆಡಿ ನೋಡಿ ಆಮೇಲೆ ವಾಪಸ್ ಕೊಡೋಕೆ ಮನಸ್ಸೇ ಬರಲ್ಲ ಅಂದ. ಮೊದಲ ರಾತ್ರಿ ಖುಷಿಯಾಗೇ ಇತ್ತು, ಸ್ಕ್ರೀನ್ ನಿಜವಾಗ್ಲೂ ಚೆಂದ, ಕಪ್ಪು ಅಂದ್ರೆ ಕಡುಕಪ್ಪು. ಎರಡನೇ ರಾತ್ರಿ ಮಲ್ಕೊಂಡು ಆಡೋಣ ಅಂತ ಶುರು ಮಾಡ್ದೆ. ಅದರ ತೂಕ 640 ಗ್ರಾಂ, ಮೊದಲು ಬಂದಿದ್ದು 669. ಕೇಳೋಕೆ ಏನ್ ಮಹಾ ಅನ್ಸುತ್ತೆ, ಮೂರು ಫೋನ್ ಒಟ್ಟಿಗೆ ಜೋಡ್ಸಿ ಮುಖದ ಮೇಲೆ ಎತ್ತಿ ಹಿಡ್ಕೊಂಡು ನೋಡು ಗೊತ್ತಾಗುತ್ತೆ. ಅದರ ಜೊತೆಗೆ ನನ್ನ ಕಣ್ಣು. ನಲ್ವತ್ಮೂರಾಯ್ತು, ಹೋದ ವರ್ಷ ಚಾಳೀಸು ಬಂತು. ಆಟದಲ್ಲಿ ಒಂದು ಕತ್ತಿ ಸಿಕ್ತು, ಅದರ ವಿವರ ಬರೆದಿರ್ತಾರಲ್ಲ ಸಣ್ಣ ಅಕ್ಷರದಲ್ಲಿ, ಅದನ್ನ ಓದೋಕೆ ಅಂತ ಚಾಳೀಸು ಬಂದೋರು ಪೇಪರ್ ದೂರ ಹಿಡಿಯೋ ಹಾಗೆ ಡೆಕ್ಕನ್ನ ದೂರ ಹಿಡಿದೆ, ದೂರ ಹಿಡಿದ್ರೆ ಭಾರಕ್ಕೆ ಮಣಿಕಟ್ಟು ನಡುಗುತ್ತೆ, ಹತ್ರ ತಂದ್ರೆ ಅಕ್ಷರ ಮಸುಕು. ಹೀಗೆ ಹತ್ರ ದೂರ ಹತ್ರ ದೂರ ಮಾಡ್ತಾ ಇದ್ದಿದ್ದನ್ನ ನೋಡಿ ನಿಮ್ಮತ್ತೆ, ಇದೇನು ಆಟನಾ ವ್ಯಾಯಾಮನಾ ಅಂತ ಕೇಳಿದ್ಲು.

ಆಮೇಲೆ ಕುತೂಹಲಕ್ಕೆ ಹುಡುಕಿದೆ. ಒಂದು ಗೇಮಿಗೆ ಡೆಕ್ ವೆರಿಫೈಡ್, ಅಂದ್ರೆ ಡೆಕ್ಕಲ್ಲಿ ಚೆನ್ನಾಗಿ ಓಡುತ್ತೆ ಅಂತ ಹಸಿರು ಟಿಕ್ ಬೀಳ್ಬೇಕು ಅಂದ್ರೆ 12 ಇಂಚು ದೂರದಿಂದ ಅಕ್ಷರ ಸಲೀಸಾಗಿ ಓದೋ ಹಾಗಿರ್ಬೇಕು, ಯಾವ ಅಕ್ಷರದ ಎತ್ತರಾನೂ 9 ಪಿಕ್ಸೆಲ್‌ಗಿಂತ, ಅಂದ್ರೆ ಸ್ಕ್ರೀನಿನ 9 ಚುಕ್ಕಿಗಿಂತ ಕಮ್ಮಿ ಇರ್ಬಾರ್ದು ಅಂತ ವಾಲ್ವ್‌ನೋರು ಇಟ್ಟಿದಾರೆ. ಸ್ಕ್ರೀನ್ 1280 ಇಂಟು 800 ಚುಕ್ಕಿ, ಲೆಕ್ಕ ಹಾಕಿದ್ರೆ ಆ 9 ಪಿಕ್ಸೆಲ್ ಅಂದ್ರೆ ಒಂದು ಮಿಲಿಮೀಟರ್ ಮೇಲೆ ಚೂರು. ಒಂದು ಮಿಲಿಮೀಟರ್! ನಿನ್ನಂಥ ಇಪ್ಪತ್ತರ ಹುಡುಗನಿಗೆ ಅದು ಅಕ್ಷರ, ನನಗೆ ಇರುವೆ ಸಾಲು.

ಇನ್ನು ನಾನು ಆಡೋ ಗೇಮ್ ಯಾವ ಥರದ್ದು ಅಂತ ನಿಂಗೆ ಗೊತ್ತು. ಏಜ್ ಆಫ್ ಎಂಪೈರ್ಸ್ ಎರಡು, ಊರು ಕಟ್ಟಿ ಯುದ್ಧ ಮಾಡೋ ಗೇಮು, 1999ರಲ್ಲಿ ಬಂದಿದ್ದು, ಇವತ್ತಿಗೂ ಬಿಟ್ಟಿಲ್ಲ. ಅದ್ರಲ್ಲಿ ಮರ ಕಡಿಯೋರನ್ನ ನಾಲ್ಕು ಜನ ಇತ್ಲಾಗೆ ಎಳಿ, ಕುರಿ ಕಾಯೋರನ್ನ ಅತ್ಲಾಗೆ ಕಳ್ಸು, ಅಷ್ಟರಲ್ಲಿ ಗಡಿ ಹತ್ರ ಶತ್ರು ಕುದುರೆ ಬಂತು ಅಂತ ಅಲ್ಲಿಗೆ ಹಾರು, ಎಡಗೈ ಕೀಬೋರ್ಡ್ ಮೇಲೆ ಬಲಗೈ ಮೌಸ್ ಮೇಲೆ, ಯೋಚ್ನೆ ಮಾಡೋಕಿಂತ ಮುಂಚೆ ಬೆರಳು ಓಡಿರುತ್ತೆ, ಇಪ್ಪತ್ತು ವರ್ಷದ ಅಭ್ಯಾಸ. ಡೆಕ್ಕಲ್ಲಿ ಮೌಸ್ ಬದಲು ಎರಡು ಚಿಕ್ಕ ಟಚ್‌ಪ್ಯಾಡ್ ಇದೆ, ಜಾಣತನದಿಂದ್ಲೇ ಮಾಡಿದಾರೆ, ಕಲಿತ್ರೆ ಬರುತ್ತೆ ಅಂತಾರೆ, ನಿಜಾನೂ ಇರ್ಬೋದು. ಆದ್ರೆ ನಾಲ್ಕು ಜನ ರೈತರ ಸುತ್ತ ಒಂದು ಚೌಕ ಎಳೆಯೋಕೆ ನಾನು ಹೆಬ್ಬೆರಳು ಉಜ್ಜಿ ಉಜ್ಜಿ, ಅಷ್ಟರಲ್ಲಿ ಊರೇ ಹೊತ್ತಿ ಉರೀತಿತ್ತು. ಮೂರನೇ ದಿನ ಏನ್ ಮಾಡ್ದೆ ಗೊತ್ತಾ, ಡೆಕ್ಕನ್ನ ಮೇಜಿನ ಮೇಲೆ ನಿಲ್ಸಿದೆ, ಮೌಸ್ ಚುಚ್ಚಿದೆ, ಕೀಬೋರ್ಡ್ ಚುಚ್ಚಿದೆ, ಕೊನೆಗೆ ಸ್ಕ್ರೀನ್ ಚಿಕ್ಕದಾಯ್ತು ಅಂತ ಮಾನಿಟರ್‌ಗೂ ಹಾಕ್ದೆ. ಹಾಕಿ ಕೂತ್ಕೊಂಡು ನೋಡ್ತೀನಿ, ನನ್ನ ಪಿಸಿ ಪಕ್ಕದಲ್ಲೇ ಇನ್ನೊಂದು ಪಿಸಿ ಮಾಡ್ಕೊಂಡಿದೀನಿ, ಅದೂ ಇರೋದಕ್ಕಿಂತ ನಿಧಾನದ್ದು. ಆವತ್ತೇ ಚಾರ್ಜರ್ ಸುತ್ತಿ ಬ್ಯಾಗಿಗೆ ಹಾಕಿಟ್ಟೆ.

ಬ್ಯಾಟರಿ ಕಥೆ ಹೇಳ್ಲೇಬೇಕು, ಯಾಕಂದ್ರೆ ನೀನು ಆರಾರು ಗಂಟೆ ಆಡ್ಬೋದು ಅಂತ ನಿಮ್ಮಮ್ಮಂಗೆ ಬಣ್ಣ ಹಚ್ಚಿ ಹೇಳಿದೀಯ. ಕಂಪನಿಯೇ ಹೇಳೋದು ಮೊದಲನೇದಕ್ಕೆ 2ರಿಂದ 8 ಗಂಟೆ, ಓಎಲ್ಇಡಿಗೆ 3ರಿಂದ 12 ಗಂಟೆ ಅಂತ. ಆ ದೊಡ್ಡ ನಂಬರ್ ಚಿಕ್ಕಪುಟ್ಟ ಹಳೇ ಗೇಮಿಗೆ. ಓಎಲ್ಇಡಿದರ ಬ್ಯಾಟರಿ 50 ವ್ಯಾಟ್ ಅವರ್ ಇದೆ, ದೊಡ್ಡ ಗೇಮ್ ಹಾಕಿದ್ರೆ ಚಿಪ್ ಒಂದೇ 15 ವ್ಯಾಟ್ ತಿನ್ನುತ್ತೆ, ಅದರ ಮೇಲೆ ಸ್ಕ್ರೀನು ಫ್ಯಾನು ವೈಫೈ, ನೀನೇ ಭಾಗಾಕಾರ ಮಾಡು. ಇದು ಇವತ್ತಿನ ಗೋಳೂ ಅಲ್ಲ. 1989ರಲ್ಲಿ ನಿಂಟೆಂಡೋದವರು ಗೇಮ್ ಬಾಯ್ ಬಿಟ್ಟಾಗ ಬಣ್ಣಾನೂ ಇಲ್ಲ ಸ್ಕ್ರೀನ್ ಹಿಂದೆ ಲೈಟೂ ಇಲ್ಲ, ಆದ್ರೆ ನಾಲ್ಕು ಪೆನ್ಸಿಲ್ ಸೆಲ್ಲಲ್ಲಿ ಹತ್ತು ಗಂಟೆ ಮೇಲೆ ಓಡ್ತಿತ್ತು. ಅದಾದ್ಮೇಲೆ ಸೇಗಾದವರು ಗೇಮ್ ಗೇರ್ ಅಂತ ಬಣ್ಣದ್ದು ಬೆಳಕಿರೋದು ತಂದ್ರು, ಆರು ಸೆಲ್ ಹಾಕಿದ್ರೂ ಕೆಲವೇ ಗಂಟೆಗೆ ಖಾಲಿ. ಗೆದ್ದಿದ್ದು ಆ ಮಂಕು ಸ್ಕ್ರೀನ್‌ದೇ. ಕೈಯಲ್ಲಿ ಹಿಡಿಯೋ ಮಷೀನಿಗೆ ತಾಕತ್ತು ಜಾಸ್ತಿ ಮಾಡಿದಷ್ಟೂ ಅದು ಚಾರ್ಜಿಗೆ ಅಂತ ಗೋಡೆ ಪ್ಲಗ್ ಹತ್ರಾನೇ ಓಡುತ್ತೆ, ಗೋಡೆ ಹತ್ರಾನೇ ಕೂತು ಆಡೋದಾದ್ರೆ ನನ್ನ ಪಿಸಿ ಏನ್ ಪಾಪ ಮಾಡಿತ್ತು.

ಸ್ಟೋರೇಜ್ ಬಗ್ಗೆ ಜಾಸ್ತಿ ಹೇಳಲ್ಲ, ಬಾಲ್ಡರ್ಸ್ ಗೇಟ್ 3 ಅನ್ನೋ ಗೇಮ್ ಒಂದಕ್ಕೇ 150 ಜಿಬಿ ಜಾಗ ಬೇಕು, ಅದನ್ನ ಇಳಿಸ್ಕೊಳ್ಳೋಕೆ ಒಂದು ರಾತ್ರಿ ಇಟ್ಕೋ ಅಷ್ಟೇ.

ಅಭಿ, ಈಗ ನಿನ್ನ ವಿಷಯಕ್ಕೆ ಬರ್ತೀನಿ, ಅಕ್ಕ ನೀನು ಇದನ್ನ ಸರಿಯಾಗಿ ಓದು. ಇವನು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಹಿಂದೆ ಹಿಂದೆ ಹೋಗ್ರೋ ಅಂತ ಕಿರುಚ್ತಾನೆ ಅಂತ ನೀನೇ ಹೇಳ್ತಿದ್ಯಲ್ಲ, ಅದು ವ್ಯಾಲರೆಂಟ್ ಅನ್ನೋ ಆನ್‌ಲೈನ್ ಶೂಟಿಂಗ್ ಗೇಮ್. ಅದು ಸ್ಟೀಮಲ್ಲೇ ಇಲ್ಲ, ಅದು ಬಿಡು, ಡೆಕ್ಕಲ್ಲಿ ಬರೋ ಲಿನಕ್ಸಲ್ಲಿ ಅದು ಓಡೋದೇ ಇಲ್ಲ. ಮೋಸ ಮಾಡೋರನ್ನ ಹಿಡಿಯೋಕೆ ಆ ಗೇಮ್ ಜೊತೆ ಒಂದು ಕಾವಲು ಪ್ರೋಗ್ರಾಂ ಬರುತ್ತೆ, ವ್ಯಾನ್‌ಗಾರ್ಡ್ ಅಂತ, ಅದು ವಿಂಡೋಸಿನ ಹೊಟ್ಟೆ ಒಳಗೇ ಹೋಗಿ ಕೂತ್ಕೊಂಡು ಕಂಪ್ಯೂಟರ್ ಆನ್ ಆದಾಗಿಂದ ಪಹರೆ ಕಾಯುತ್ತೆ, ಲಿನಕ್ಸಲ್ಲಿ ಅದಕ್ಕೆ ಕೂರೋಕೆ ಜಾಗ ಇಲ್ಲ. ಪ್ರೋಟಾನ್ ಎಷ್ಟೇ ಜಾಣ ಆದ್ರೂ ಇಲ್ಲಿ ಕೈ ಚೆಲ್ಲುತ್ತೆ. ಫೋರ್ಟ್‌ನೈಟ್‌ದೂ ಅಷ್ಟೇ, ಕಾಲ್ ಆಫ್ ಡ್ಯೂಟಿದೂ ಅಷ್ಟೇ. ಏಪೆಕ್ಸ್ ಲೆಜೆಂಡ್ಸ್ ಮೊದಲು ಡೆಕ್ಕಲ್ಲಿ ಓಡ್ತಿತ್ತು, 2024ರಲ್ಲಿ ಅವರೂ ಲಿನಕ್ಸ್‌ನ ಹೊರಗಿಟ್ರು. ಡೆಕ್ಕಿಗೇ ವಿಂಡೋಸ್ ಹಾಕ್ಕೊಳ್ಳೋರು ಇದಾರೆ, ಆದ್ರೆ ಹಂಗೆ ಮಾಡಿದ್ರೆ ಅದರ ಇರೋ ಚೆಂದಾನೇ ಹೋಗುತ್ತೆ, ಪವರ್ ಬಟನ್ ಒತ್ತಿದ್ರೆ ಆಟ ಇದ್ದಲ್ಲೇ ನಿದ್ದೆ ಹೋಗಿ ಮತ್ತೆ ಒತ್ತಿದ್ರೆ ಅಲ್ಲೇ ಏಳೋದು, ಅದೇ ಅದರ ಜೀವಾಳ. ಸ್ನೇಹಿತರ ಜೊತೆ ಆನ್‌ಲೈನ್ ಆಡೋದೇ ಗೇಮಿಂಗು ಅನ್ನೋರಿಗೆ ಡೆಕ್ ಮೇಲೆ ಆಸೆ ಹುಟ್ಟದೇ ಇರೋಕೆ ಬೇರೆ ಕಾರಣಾನೇ ಬೇಡ, ಇದೊಂದೇ ಸಾಕು. ಅಭಿ, ಇದು ನಿಂಗೆ ಗೊತ್ತಿದ್ದೂ ಹೇಳಿಲ್ವೋ ಗೊತ್ತೇ ಇಲ್ವೋ, ನೀನೇ ಹೇಳ್ಬೇಕು.

ಯಾರಿಗೆ ಸರಿ ಹೋಗುತ್ತೆ ಅಂದ್ರೆ, ನಮ್ಮ ಚಿಕ್ಕಪ್ಪನ ಮಗಳು ಸುಮಾ ಇದಾಳಲ್ಲ, ಈ ಗ್ರೂಪಲ್ಲೇ ಇದಾಳೆ ಓದ್ತಾ ಇರ್ತಾಳೆ, ಅವಳಿಗೆ ಹೇಳಿ ಮಾಡ್ಸಿದ್ದು. ಮಗು ತೊಡೆ ಮೇಲೆ ಮಲಗಿರುತ್ತೆ, ಎದ್ದು ಹೋಗೋ ಹಾಗಿಲ್ಲ, ಒಂದಿಪ್ಪತ್ತು ನಿಮಿಷ ಆಡಿದ್ಲು, ಮಗು ಮುಲುಕ್ತು, ಬಟನ್ ಒತ್ತಿ ಪಕ್ಕಕ್ಕಿಟ್ಲು. ಸ್ಟಾರ್ಡ್ಯೂ ವ್ಯಾಲಿ ಥರದ ಬೇಸಾಯದ ಗೇಮ್ ಆಡ್ತಾಳೆ, ಬ್ಯಾಟರಿನೂ ತುಂಬಾ ಹೊತ್ತು ಬರುತ್ತೆ, ಅವಳ ಮಾತು ಕೇಳಿದ್ರೆ ನಾನು ಹೇಳಿದ್ದೆಲ್ಲ ಸುಳ್ಳು ಅನ್ಸುತ್ತೆ. ಅವಳ ಜಾಗದಲ್ಲಿ ನಾನಿದ್ರೆ ನಾನೂ ತಗೋತಿದ್ದೆ.

ಅಭಿ, ನೀನು ಈಗ ಒಂದು ಕೆಲ್ಸ ಮಾಡು. ಸ್ಟೀಮ್ ಓಪನ್ ಮಾಡಿದ್ರೆ ನಿನ್ನ ಪ್ರೊಫೈಲಲ್ಲಿ ಕಳೆದ ಎರಡು ವಾರ ಎಷ್ಟು ಗಂಟೆ ಆಡಿದೀಯ ಅಂತ ತೋರಿಸುತ್ತೆ, ಅದರ ಸ್ಕ್ರೀನ್‌ಶಾಟ್ ಇಲ್ಲಿ ಹಾಕು. ಎಡಿಟ್ ಗಿಡಿಟ್ ಮಾಡ್ಬೇಡ, ನಂಗೆ ಗೊತ್ತಾಗುತ್ತೆ. ವ್ಯಾಲರೆಂಟ್ ಬಿಟ್ಟು ಡೆಕ್ಕಲ್ಲೂ ಓಡೋ ಗೇಮ್ ಅದ್ರಲ್ಲಿ ಏನಾದ್ರೂ ಇದ್ರೆ ನಿಮ್ಮಮ್ಮನ ಹತ್ರ ನಾನೇ ಮಾತಾಡ್ತೀನಿ. ಸೊನ್ನೆ ಅಂತ ಬಂದ್ರೆ, ಆ ಆಫೀಸಿನ ಹುಡುಗ ಮುಂದಿನ ಸಲ ರಜೆಗೆ ಹೋದಾಗ ಅವನದ್ದೇ ಎರಡು ವಾರ ಕೇಳಿ ಕೊಡಿಸ್ತೀನಿ, ಅಲ್ಲೀವರೆಗೂ ನಿಮ್ಮಮ್ಮನ ತಲೆ ತಿನ್ಬೇಡ.