ಆರ್ವೊ ಪ್ಯಾರ್ಟ್ ಅವರ ಸಂಗೀತವನ್ನು ಕರ್ನಾಟಕ ಸಂಗೀತದ ಕಿವಿಯಿಂದ ಕೇಳುವುದು ಹೇಗೆ?

ಪ್ರಶ್ನೆ: ವೀಣೆಯ ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಬಲ್ಲವರಲ್ಲಿ ಒಂದು ವಿನಂತಿ. ಎಸ್ಟೋನಿಯಾದ ಸಂಯೋಜಕ ಆರ್ವೊ ಪ್ಯಾರ್ಟ್ ಅವರ ‘ಸ್ಪೀಗೆಲ್ ಇಮ್ ಸ್ಪೀಗೆಲ್’ ಕೃತಿಯನ್ನು ಈಚೆಗೆ ಕೇಳಿದೆ. ಪಿಯಾನೊ ಮೂರು ಮೂರು ಸ್ವರಗಳ ಗುಂಪನ್ನು ನಿಧಾನವಾಗಿ ನುಡಿಸುತ್ತಾ ಹೋಗುತ್ತದೆ. ಪಿಟೀಲು ನಮ್ಮ ಮೊದಲ ಪಾಠವಾದ ಸರಳೆ ವರಸೆಗಿಂತಲೂ ಸರಳವಾದ ಸ್ವರಗಳನ್ನು ದೀರ್ಘವಾಗಿ ಹಿಡಿಯುತ್ತದೆ. ಸ್ವರವನ್ನು ಅಲುಗಿಸುವ ಗಮಕವಿಲ್ಲ, ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಸಂಗತಿಗಳಿಲ್ಲ. ಆದರೂ ಕೇಳಿ ಮುಗಿಸಿದ ಮೇಲೆ ಬಹಳ ಹೊತ್ತು ಬೇರೆ ಏನನ್ನೂ ಕೇಳಬೇಕೆನಿಸಲಿಲ್ಲ. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ಪರಿಣಾಮ ಹೇಗೆ ಹುಟ್ಟುತ್ತದೆ? ಅವರು ಮೊದಲಿನಿಂದಲೂ ಹೀಗೆಯೇ ಬರೆಯುತ್ತಿದ್ದರೇ? ಇದನ್ನು ವೀಣೆಯಲ್ಲಿ ನುಡಿಸಬಹುದೇ?

ಉತ್ತರ 1: ಹಳೆಯ ಕೇಳುಗ, ಜಯಲಕ್ಷ್ಮೀಪುರಂ

ಇಲ್ಲ, ಮೊದಲಿನಿಂದ ಹೀಗಿರಲಿಲ್ಲ. 1935ರಲ್ಲಿ ಪೈದೆ ಎಂಬ ಊರಿನಲ್ಲಿ ಹುಟ್ಟಿದ ಪ್ಯಾರ್ಟ್, ತಾಲಿನ್‌ನಲ್ಲಿ ಹೈನೊ ಎಲ್ಲರ್ ಅವರ ಶಿಷ್ಯರಾಗಿ ಕಲಿತು, ಎಸ್ಟೋನಿಯಾದ ರೇಡಿಯೊದಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದರು. 1960ರ ‘ನೆಕ್ರೊಲಾಗ್’ ಹನ್ನೆರಡು ಸ್ವರಸ್ಥಾನಗಳಿಗೂ ಸಮಾನ ಸ್ಥಾನ ಕೊಡುವ ಪದ್ಧತಿಯಲ್ಲಿದ್ದು, ಸೋವಿಯತ್ ಅಧಿಕಾರಿಗಳ ಟೀಕೆಗೆ ಗುರಿಯಾಯಿತು. 1968ರ ‘ಕ್ರೇಡೋ’ದಲ್ಲಿ ಅವರು ಕ್ರೈಸ್ತ ನಂಬಿಕೆಯನ್ನು ಬಹಿರಂಗವಾಗಿ ಹಾಡಿಸಿದ್ದರಿಂದ ದೊಡ್ಡ ಗದ್ದಲವೇ ಎದ್ದಿತು.

ಅಲ್ಲಿಂದ ಮುಂದಿನ ಎಂಟು ವರ್ಷಗಳಲ್ಲಿ ಅವರು ಬರೆದದ್ದು ಅತ್ಯಲ್ಪ. ಕ್ರೈಸ್ತ ಚರ್ಚಿನ ಹಳೆಯ ಗ್ರೆಗೋರಿಯನ್ ಪಠಣವನ್ನೂ ಯುರೋಪಿನ ಪ್ರಾಚೀನ ಬಹುಧ್ವನಿ ಸಂಗೀತವನ್ನೂ ಪ್ರಾರಂಭದ ವಿದ್ಯಾರ್ಥಿಯಂತೆ ಕುಳಿತು ಅಭ್ಯಾಸ ಮಾಡಿದರು. ಹೆಸರು ಮಾಡಿದ ಸಂಯೋಜಕರೊಬ್ಬರು ಮತ್ತೆ ಪಾಠಕ್ಕೆ ಕುಳಿತ ಈ ಕಾಲವೇ ಅವರ ಜೀವನದ ಅತ್ಯಂತ ಮುಖ್ಯ ಭಾಗವೆಂದು ನಾನು ತಿಳಿದಿದ್ದೇನೆ. 1976ರಲ್ಲಿ ‘ಫ್ಯೂರ್ ಅಲೀನಾ’ ಎಂಬ ಪುಟ್ಟ ಪಿಯಾನೊ ಕೃತಿ ಹೊರಬಂತು. ಮರುವರ್ಷ ‘ಫ್ರಾತ್ರೆಸ್’, ‘ಟಾಬುಲಾ ರಾಸಾ’, ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್ ಅವರ ಸ್ಮರಣೆಯ ‘ಕ್ಯಾಂಟಸ್’ ಬಂದವು. 1980ರಲ್ಲಿ ಕುಟುಂಬಸಮೇತ ದೇಶ ಬಿಟ್ಟು ವಿಯೆನ್ನಾಗೂ ಅಲ್ಲಿಂದ ಬರ್ಲಿನ್‌ಗೂ ಹೋದರು. 1984ರಲ್ಲಿ ಇಸಿಎಂ ಎಂಬ ಧ್ವನಿಮುದ್ರಣ ಸಂಸ್ಥೆ ತಂದ ಧ್ವನಿಮುದ್ರಿಕೆ ಅವರನ್ನು ಜಗತ್ತಿಗೆ ಪರಿಚಯಿಸಿತು.

ಉತ್ತರ 2: ನಿವೃತ್ತ ಗಣಿತ ಅಧ್ಯಾಪಕ, ಕುವೆಂಪುನಗರ

ಪ್ಯಾರ್ಟ್ ಅವರ ‘ಟಿಂಟಿನ್ನಾಬುಲಿ’ ಪದ್ಧತಿಯಲ್ಲಿ ಎರಡು ಧ್ವನಿಗಳಿರುತ್ತವೆ. ಒಂದು ಧ್ವನಿ ಸ್ವರಶ್ರೇಣಿಯಲ್ಲಿ ಬಹುಮಟ್ಟಿಗೆ ಪಕ್ಕದ ಸ್ವರದಿಂದ ಪಕ್ಕದ ಸ್ವರಕ್ಕೆ ನಡೆಯುತ್ತದೆ. ಇನ್ನೊಂದು ಷಡ್ಜ, ಗಾಂಧಾರ, ಪಂಚಮಗಳನ್ನು ಬಿಟ್ಟು ಕದಲುವುದಿಲ್ಲ. ಮೊದಲನೆಯದು ಯಾವ ಸ್ವರದಲ್ಲಿದ್ದಾಗ ಎರಡನೆಯದು ಎಲ್ಲಿರಬೇಕೆಂಬುದು ಮೊದಲೇ ಗೊತ್ತುಮಾಡಿದ ನಿಯಮ.

ನೀವು ಕೇಳಿದ 1978ರ ಕೃತಿಯನ್ನೇ ನೋಡಿ. ಸ್ವರಗಳು ಶಂಕರಾಭರಣ ರಾಗದವು. ಪಿಟೀಲಿನ ಮೊದಲ ಪ್ರಯೋಗ ರಿ-ಗ, ಅದರ ಪ್ರತಿಬಿಂಬ ಮ-ಗ. ಮುಂದೆ ಸ-ರಿ-ಗ, ಅದಕ್ಕೆ ಪ-ಮ-ಗ. ಹೀಗೆ ಒಂದೊಂದೇ ಸ್ವರ ಬೆಳೆಯುತ್ತಾ, ಎಷ್ಟು ದೂರ ಹೋದರೂ ನ್ಯಾಸ, ಅಂದರೆ ನಿಲುಗಡೆ, ಗಾಂಧಾರದಲ್ಲೇ. ಇದನ್ನು ಮನಸ್ಸಿನಲ್ಲಿಟ್ಟು ಕೇಳಿದರೆ ಪ್ರತಿಯೊಂದು ಹೊಸ ಸ್ವರವೂ ಒಂದು ಘಟನೆಯಾಗುತ್ತದೆ.

ನಿಯಮದಿಂದ ಭಾವ ಹುಟ್ಟುವುದು ಮೈಸೂರಿನವರಿಗೆ ಹೊಸತೇನಲ್ಲ. ಇಲ್ಲಿ ಆಸ್ಥಾನ ವಿದ್ವಾಂಸರಾಗಿದ್ದ ಮುತ್ತಯ್ಯ ಭಾಗವತರ ನಿರೋಷ್ಠ ರಾಗದಲ್ಲಿ ತುಟಿ ಕೂಡುವ ಮಧ್ಯಮ, ಪಂಚಮಗಳಿಲ್ಲ. ‘ರಾಜರಾಜ ರಾಧಿತೇ’ ಕೃತಿಯ ಸಾಹಿತ್ಯದಲ್ಲೂ ಓಷ್ಠ್ಯಾಕ್ಷರಗಳಿಲ್ಲ. ಹಾಡುವಾಗ ಆ ಕಟ್ಟಳೆ ಯಾರಿಗೂ ಹೊರೆಯೆನಿಸುವುದಿಲ್ಲ.

ಉತ್ತರ 3: ಪಿಟೀಲು ಕಲಿಸುವಾಕೆ, ಮಂಡ್ಯ

ಮೇಷ್ಟ್ರು ಹೇಳಿದ್ದು ಸರಿ, ಆದರೆ ನಿಯಮವೊಂದೇ ಸಾಲದು ಎಂದು ನನ್ನ ಅಭಿಪ್ರಾಯ. ಅದೇ ಲೆಕ್ಕದಿಂದ ಯಾರು ಬೇಕಾದರೂ ಸ್ವರ ಬರೆಯಬಹುದು. ಎಲ್ಲಿ ನಿಲ್ಲಬೇಕೆಂಬುದನ್ನು ಲೆಕ್ಕ ಹೇಳಿಕೊಡುವುದಿಲ್ಲ. ‘ಕ್ಯಾಂಟಸ್’ ಕೇಳಿ. ತಂತಿವಾದ್ಯಗಳೆಲ್ಲ ಒಂದೇ ಅವರೋಹಣವನ್ನು ನುಡಿಸುತ್ತವೆ, ಆದರೆ ಪ್ರತಿಯೊಂದು ಗುಂಪೂ ಹಿಂದಿನದಕ್ಕಿಂತ ಒಂದು ಸ್ಥಾಯಿ ಕೆಳಗೆ, ಅರ್ಧ ವೇಗದಲ್ಲಿ. ನಮ್ಮಲ್ಲಿ ಒಂದೇ ವರಸೆಯನ್ನು ಬೇರೆ ಬೇರೆ ಕಾಲಗಳಲ್ಲಿ ಒಟ್ಟಿಗೆ ನುಡಿಸಿದ ಹಾಗೆ. ಒಂದೊಂದಾಗಿ ಎಲ್ಲವೂ ತಮ್ಮ ಕೊನೆಯ ಸ್ವರಕ್ಕೆ ಬಂದು ನಿಲ್ಲುತ್ತವೆ. ವಾದ್ಯಗಳು ತಟ್ಟನೆ ನಿಂತಾಗ, ಅವುಗಳ ಮರೆಯಲ್ಲಿ ಮೆಲ್ಲಗೆ ಬಾರಿಸಿದ್ದ ಗಂಟೆಯ ಅನುರಣನ ಮಾತ್ರ ಉಳಿಯುತ್ತದೆ. ಅಲ್ಲಿಯವರೆಗೆ ತಗ್ಗಿನ ಸಾಧಾರಣ ಗಾಂಧಾರದಲ್ಲಿದ್ದ ಕೃತಿಯ ತುದಿಯಲ್ಲಿ, ಆ ಗಂಟೆಯ ಉಪಸ್ವರಗಳಿಂದ (ಮೂಲ ನಾದದೊಡನೆ ತಾವಾಗಿ ಮೊಳಗುವ ಸ್ವರಗಳಿಂದ) ಏರಿನ ಅಂತರ ಗಾಂಧಾರ ಕೇಳಿಬರುತ್ತದೆ. ಅದನ್ನು ಯಾರೂ ನುಡಿಸಿರುವುದಿಲ್ಲ.

ಇನ್ನು ವೀಣೆಯ ವಿಚಾರ. ‘ಸ್ಪೀಗೆಲ್ ಇಮ್ ಸ್ಪೀಗೆಲ್’ ಕೃತಿಯನ್ನು ಚೆಲ್ಲೊ, ವಿಯೋಲಾ ಮುಂತಾದ ವಾದ್ಯಗಳಲ್ಲೂ ನುಡಿಸುತ್ತಾರೆ. ಆದರೆ ಪಿಟೀಲಿನ ಭಾಗದ ದೀರ್ಘ ಸ್ವರಗಳು ವೀಣೆಯಲ್ಲಿ ಒಂದು ಮೀಟಿಗೆ ಉಳಿಯುವುದಿಲ್ಲ. ನಡುವೆ ಮತ್ತೆ ಮೀಟಿದರೆ ಕೃತಿಯ ಗುಣವೇ ಕೆಡುತ್ತದೆ. ಆದ್ದರಿಂದ ಪಿಯಾನೊದ ಭಾಗವನ್ನು ನೀವು ಇಟ್ಟುಕೊಂಡು, ದೀರ್ಘ ಸ್ವರಗಳನ್ನು ಪಿಟೀಲು ನುಡಿಸುವ ಸ್ನೇಹಿತರಿಗೆ ಬಿಡಿ. ಅಭ್ಯಾಸಬಲದಿಂದ ಬೆರಳು ಗಮಕಕ್ಕಾಗಿ ತಾನಾಗಿ ತಂತಿಯನ್ನು ಎಳೆಯುತ್ತದೆ, ಅದನ್ನು ತಡೆಯಬೇಕಾಗುತ್ತದೆ. ಮೊದಲು ಲಯ ಹಿಡಿದು ಬರಿಯ ಮೆಟ್ಟಿಲಿನ ಸ್ವರಗಳನ್ನೇ ಸಮನಾಗಿ ಮೀಟುವುದನ್ನು ಸಾಧಿಸಿ.