ಪ್ಲಸ್ ಟು ಆದ ಮೇಲೆ ಡೆಂಟಲ್ ಹೈಜೀನಿಸ್ಟ್: ಅರ್ಜಿ ಎಲ್ಲಿ, ದುಡ್ಡು ಹೇಗೆ?

ಪ್ರಶ್ನೆ: ಪೆರ್ಲದಿಂದ (ಕಾಸರಗೋಡು, ಕೇರಳ)

ಅಕ್ಕನ ಮಗಳಿಗೆ ಪ್ಲಸ್ ಟು ಸಯನ್ಸ್ ಆಯಿತು, ಬಯಾಲಜಿ ಉಂಟು. ನೀಟ್‌ನಲ್ಲಿ ಬಿಡಿಎಸ್‌ಗೆ ಎಟಕುವಷ್ಟು ರ‍್ಯಾಂಕ್ ಬರಲಿಲ್ಲ. ಹಲ್ಲು ಕ್ಲೀನ್ ಮಾಡುವ ಹೈಜೀನಿಸ್ಟ್ ಕೋರ್ಸ್ ಮಾಡುತ್ತೇನೆ ಎನ್ನುತ್ತಾಳೆ. ಒಬ್ಬ ಏಜೆಂಟ್ ಗಂಟುಬಿದ್ದಿದ್ದಾನೆ. ‘ಮೂರು ವರ್ಷದ ಡಿಗ್ರಿ, ಈ ವಾರವೇ ಅಡ್ವಾನ್ಸ್ ಕಟ್ಟಿ, ಬ್ಯಾಂಕಿನ ಸಾಲ ನಾವೇ ಮಾಡಿಸಿ ಕೊಡ್ತೇವೆ’ ಅಂತ ಅವನ ವರಸೆ. ಭಾವನದ್ದು ಎರಡು ಎಕರೆ ಅಡಿಕೆ ತೋಟ, ಪಾಲುಪಟ್ಟಿ ಆಗಿಲ್ಲ. ಕೇರಳದಲ್ಲಿ ಅರ್ಜಿ ಹಾಕುವುದೋ ಮಂಗಳೂರು ಕಡೆಗೋ? ಸಾಲ ಸಿಗುತ್ತದಾ? ತಿಳಿದವರು ಬಿಡಿಸಿ ಹೇಳಿ.

ಉತ್ತರ: ದಂತ ಕಾಲೇಜಿನಲ್ಲಿ ಪಾಠ ಮಾಡುವವರು

ಅಡ್ವಾನ್ಸ್ ಸದ್ಯ ಬೇಡವೇ ಬೇಡ. ಫೀಸು ಎಷ್ಟು ಅಂತ ಆಮೇಲೆ ಕೇಳಿ. ಕೋರ್ಸ್ ಮುಗಿದ ಮೇಲೆ ರಾಜ್ಯದ ಡೆಂಟಲ್ ಕೌನ್ಸಿಲ್‌ನಲ್ಲಿ ಹೆಸರು ರಿಜಿಸ್ಟರ್ ಆಗುತ್ತದಾ ಎಂಬುದನ್ನು ಮೊದಲು ಕೇಳಿ. 1948ರ ದಂತವೈದ್ಯರ ಕಾಯ್ದೆಯಲ್ಲಿ ಹೈಜೀನಿಸ್ಟ್‌ಗಳಿಗೆ ಬೇರೆಯೇ ರಿಜಿಸ್ಟರ್ ಉಂಟು. ಹಲ್ಲಿನ ಗಟ್ಟಿ ಪಾಚಿ ತೆಗೆಯುವುದು, ಶುಚಿ ಮಾಡುವುದು, ಪಾಲಿಶ್ ಮಾಡುವುದು, ಬಾಯಿಯ ಶುಚಿತ್ವ ಹೇಳಿಕೊಡುವುದು ಇಷ್ಟು ಆ ಕಾಯ್ದೆಯ ಪ್ರಕಾರ ಅವರ ಕೆಲಸ.

ನಮ್ಮಲ್ಲಿ ಆ ರಿಜಿಸ್ಟರಿಗೆ ದಾರಿ ಭಾರತೀಯ ದಂತ ಪರಿಷತ್ತಿನ, ಅಂದರೆ ಡಿಸಿಐಯ, ನಿಯಮದಂತೆ ನಡೆಯುವ ಎರಡು ವರ್ಷದ ಕೋರ್ಸ್. ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು, ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ‘ಡಿಗ್ರಿ’ ಎಂದು ಮಾರುವವರು ಹೆಚ್ಚಾಗಿ ಅಪ್ಪ-ಅಮ್ಮನ ಆಸೆಗೆ ಬೆಲೆ ಕಟ್ಟುವವರು. ಯಾವುದೋ ವಿಶ್ವವಿದ್ಯಾಲಯದ ಬಿಎಸ್ಸಿ ಸರ್ಟಿಫಿಕೇಟ್ ಅಸಲಿಯೇ ಇರಬಹುದು, ಆದರೆ ಕೌನ್ಸಿಲ್ ಒಪ್ಪದಿದ್ದರೆ ಮೂರು ವರ್ಷ ಓದಿದವಳು ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್ ಆಗಿಯೇ ನಿಲ್ಲುತ್ತಾಳೆ.

ಇನ್ನೊಂದು ಕಡೆ ಜನ ಮೋಸ ಹೋಗುತ್ತಾರೆ. ಕಾಲೇಜಿಗೆ ಬಿಡಿಎಸ್ ಮಾನ್ಯತೆ ಇದ್ದ ಮಾತ್ರಕ್ಕೆ ಹೈಜೀನಿಸ್ಟ್ ಕೋರ್ಸಿಗೂ ಇದೆ ಅಂತಲ್ಲ. ಅದಕ್ಕೆ ಅನುಮತಿ ಬೇರೆ, ಸೀಟಿನ ಲೆಕ್ಕ ಬೇರೆ. ಅನುಮತಿ ಪತ್ರದಲ್ಲಿ ಕಾಲೇಜಿನ ಹೆಸರು, ಕೋರ್ಸಿನ ಹೆಸರು, ಸೀಟಿನ ಸಂಖ್ಯೆ, ವರ್ಷ ನಾಲ್ಕೂ ಕಾಣಬೇಕು. ಡಿಸಿಐ ಜಾಗಕ್ಕೆ ರಾಷ್ಟ್ರೀಯ ದಂತ ಆಯೋಗವನ್ನು ತರುವ ಕಾಯ್ದೆ 2023ರಲ್ಲಿ ಪಾಸಾಗಿದೆ. ಹಾಗಾಗಿ ಯಾವುದೋ ಕಾಲದ ಪಟ್ಟಿಯ ಫೋಟೋ ತೋರಿಸಿದರೆ ಒಪ್ಪಬೇಡಿ, ಸೇರುವ ವರ್ಷದ್ದನ್ನೇ ಕೇಳಿ. ಕೇರಳದಲ್ಲಿ ಕೆಲಸ ಮಾಡುವುದಾದರೆ ತಿರುವನಂತಪುರದ ಕೇರಳ ಡೆಂಟಲ್ ಕೌನ್ಸಿಲ್‌ಗೆ, ಮಂಗಳೂರಿನಲ್ಲಾದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಡೆಂಟಲ್ ಕೌನ್ಸಿಲ್‌ಗೆ ಒಂದು ಇಮೇಲ್ ಹಾಕಿ: ‘ಇಂಥ ಕಾಲೇಜಿನ ಇಂಥ ಕೋರ್ಸ್ ಮುಗಿಸಿದವರನ್ನು ಹೈಜೀನಿಸ್ಟ್ ಎಂದು ನೋಂದಾಯಿಸುತ್ತೀರಾ?’ ಉತ್ತರ ಬರುವವರೆಗೆ ಚೆಕ್ ಬರೆಯಬೇಡಿ.

ಉತ್ತರ: ಅಕ್ಷಯ ಕೇಂದ್ರದಿಂದ (ಕೇರಳದ ಆನ್‌ಲೈನ್ ಅರ್ಜಿ ಸೇವಾ ಕೇಂದ್ರ), ಬದಿಯಡ್ಕ

ಕೇರಳದ ಅರ್ಜಿ ಏಜೆಂಟ್ ಇಲ್ಲದೆ ಆಗುವಂಥದ್ದು ಮಾರಾಯ್ರೆ. ಪ್ಯಾರಾಮೆಡಿಕಲ್ ಡಿಪ್ಲೊಮಾಗಳ ಅಲಾಟ್‌ಮೆಂಟ್ ಮಾಡುವುದು ತಿರುವನಂತಪುರದ ಎಲ್‌ಬಿಎಸ್ ಸೆಂಟರ್. ಡಿ.ಫಾರ್ಮ್, ಲ್ಯಾಬ್ ಟೆಕ್ನಾಲಜಿ, ಡೆಂಟಲ್ ಮೆಕ್ಯಾನಿಕ್, ಡೆಂಟಲ್ ಹೈಜೀನಿಸ್ಟ್ ಎಲ್ಲ ಒಂದೇ ಅರ್ಜಿಯಲ್ಲಿ ಬರುತ್ತದೆ. ಯಾವ ಕಾಲೇಜಿನಲ್ಲಿ ಎಷ್ಟು ಸೀಟು, ಫೀಸು ಎಷ್ಟು ಎಂಬುದು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ಇರುತ್ತದೆ. ಹಿಂದಿನ ವರ್ಷದ ಪಿಡಿಎಫ್ ವಾಟ್ಸಾಪ್‌ನಲ್ಲಿ ತಿರುಗುತ್ತಿರುತ್ತದೆ, ಅದನ್ನು ನಂಬಬೇಡಿ. ಹೈಜೀನಿಸ್ಟ್ ಸೀಟು ಇರುವುದೇ ಬೆರಳೆಣಿಕೆ. ಅದೊಂದನ್ನೇ ನೆಚ್ಚಿ ಕೂತರೆ ಕೈ ಖಾಲಿ ಆಗಬಹುದು.

ತಪ್ಪುವುದು ಆಪ್ಷನ್ ಕೊಡುವಾಗ. ರ‍್ಯಾಂಕ್ ಲಿಸ್ಟ್ ಬಂದ ಮೇಲೆ ಕಾಲೇಜು ಮತ್ತು ಕೋರ್ಸನ್ನು ಇಷ್ಟದ ಕ್ರಮದಲ್ಲಿ ಹಾಕಬೇಕು. ‘ಇರಲಿ’ ಅಂತ ಬೇಡದ್ದನ್ನೂ ಸೇರಿಸಿ, ಅದೇ ಅಲಾಟ್ ಆಗಿ, ಫೀಸು ಕಟ್ಟದೆ ಬಿಟ್ಟರೆ ಆ ಸೀಟೂ ಹೋಗುತ್ತದೆ, ಮುಂದಿನ ಸುತ್ತಿನ ಅಲಾಟ್‌ಮೆಂಟೂ ಇಲ್ಲ. ಆದ್ದರಿಂದ ನಿಜವಾಗಿ ಸೇರುವುದನ್ನು ಮಾತ್ರ ಹಾಕಿ. ಟ್ರಯಲ್ ಅಲಾಟ್‌ಮೆಂಟ್ ಬಂದಾಗ ಕ್ರಮ ಬದಲಿಸಲು ಅವಕಾಶ ಇದ್ದರೆ ಬಳಸಿಕೊಳ್ಳಿ. ಫೀಸು ಕಟ್ಟಲು ಕೊಡುವ ದಿನ ಕಡಿಮೆ, ಸಾಲದ ದುಡ್ಡು ಅಷ್ಟರೊಳಗೆ ಬರುವುದಿಲ್ಲ. ಮೊದಲ ಕಂತು ಕೈಯಲ್ಲೇ ಇಟ್ಟುಕೊಳ್ಳಿ.

ಕಾಗದಪತ್ರ ಈಗಲೇ ಮಾಡಿಸಿ. ನೇಟಿವಿಟಿ, ಆದಾಯ, ಜಾತಿ, ಒಬಿಸಿ ಆದರೆ ನಾನ್ ಕ್ರೀಮಿ ಲೇಯರ್ ಎಲ್ಲವೂ ಇ-ಡಿಸ್ಟ್ರಿಕ್ಟ್ ಮೂಲಕವೇ, ವಿಲ್ಲೇಜ್ ಆಫೀಸಿಗೋ ತಾಲೂಕಿಗೋ ಹೋಗುತ್ತದೆ. ಅರ್ಜಿ ಕರೆದ ವಾರದಲ್ಲಿ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ನಮ್ಮ ಕಡೆ ಮಕ್ಕಳಿಗೆ ದೊಡ್ಡ ತಲೆನೋವು ಹೆಸರಿನದ್ದು: ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಮನೆಹೆಸರಿನ ಮೊದಲಕ್ಷರ ಕೊನೆಗೆ, ಆಧಾರ್‌ನಲ್ಲಿ ಅದೇ ಮನೆಹೆಸರು ಪೂರ್ತಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಪ್ಪನ ಹೆಸರು. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಸ್ಪೆಲ್ಲಿಂಗ್ ಬೇರೆ ಮೂರು ಥರ. ಎಸ್ಸೆಸ್ಸೆಲ್ಸಿಯನ್ನೇ ಮೂಲ ಅಂತ ಇಟ್ಟುಕೊಂಡು ಆಧಾರ್ ತಿದ್ದಿಸಿ. ಸಮಯ ಇಲ್ಲದಿದ್ದರೆ ವಿಲ್ಲೇಜ್ ಆಫೀಸಿನಿಂದ ‘ಒನ್ ಆ್ಯಂಡ್ ಸೇಮ್’ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಎಸ್‌ಸಿ, ಎಸ್‌ಟಿ ಮಕ್ಕಳಾದರೆ ಇ-ಗ್ರಾಂಟ್ಸ್ ಎಂಬ ಸರ್ಕಾರಿ ವಿದ್ಯಾರ್ಥಿ ನೆರವಿನ ಅರ್ಜಿಗೂ ಹೆಸರು ಹೊಂದಲೇಬೇಕು, ಇಲ್ಲದಿದ್ದರೆ ದುಡ್ಡು ಖಾತೆಗೆ ಬೀಳುವುದಿಲ್ಲ.

ಉತ್ತರ: ಉಪ್ಪಳದಿಂದ

ಗಡಿನಾಡ ಕನ್ನಡಿಗರಿಗೆ ಕರ್ನಾಟಕದಲ್ಲಿ ಸೀಟು ಉಂಟಲ್ಲ? ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕಿನವರು ಅರ್ಜಿ ಹಾಕಬಹುದು ಅಂತ ಕೇಳಿದ್ದೆ. ಮಂಗಳೂರು ಹತ್ತಿರದ ದೇರಳಕಟ್ಟೆಯ ಕಾಲೇಜಾದರೆ ಮನೆಯಿಂದಲೇ ಹೋಗಿ ಬರಬಹುದು.

ಉತ್ತರ: ದಂತ ಕಾಲೇಜಿನಲ್ಲಿ ಪಾಠ ಮಾಡುವವರು

ಇಲ್ಲೊಂದು ಗೊಂದಲ ಉಂಟು. ಗಡಿನಾಡು ಕನ್ನಡಿಗ ಎಂಬ ಅರ್ಹತೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವ ಸಿಇಟಿ, ನೀಟ್ ಸೀಟುಗಳದ್ದು. ಅದಕ್ಕೆ ಕನ್ನಡ ಪರೀಕ್ಷೆಯನ್ನೂ ಪಾಸಾಗಬೇಕು. ಅದನ್ನು ತೋರಿಸಿ ಖಾಸಗಿ ಕಾಲೇಜಿನ ಹೈಜೀನಿಸ್ಟ್ ಸೀಟಿನಲ್ಲಿ ರಿಯಾಯಿತಿ ಕೇಳಿದರೆ ಸಿಗುತ್ತದೆ ಎಂದು ಎಣಿಸಬೇಡಿ. ಕೇರಳದ ಜಾತಿ ಸರ್ಟಿಫಿಕೇಟಿಗೂ ಗಡಿ ದಾಟಿದರೆ ಮೀಸಲಾತಿ ಇಲ್ಲ. ಮಂಗಳೂರು ಕಡೆ ಲಾಭ ಎಂದರೆ ದೂರ ಕಡಿಮೆ, ರೋಗಿಗಳ ಹತ್ತಿರ ಕನ್ನಡ, ತುಳು ನಡೆಯುತ್ತದೆ. ಪಾಠ ಎರಡೂ ಕಡೆ ಇಂಗ್ಲಿಷಿನಲ್ಲೇ.

ಅಲ್ಲಿ ಕಲಿತು ಇಲ್ಲಿ ಕೆಲಸ ಮಾಡುವುದಾದರೆ ರಿಜಿಸ್ಟ್ರೇಷನ್ ಒಂದು ಕೌನ್ಸಿಲ್‌ನಿಂದ ಇನ್ನೊಂದಕ್ಕೆ ವರ್ಗಾಯಿಸಲು ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ಬೇಕು. ಆಗುವ ಕೆಲಸವೇ, ನಿಧಾನ ಅಷ್ಟೆ.

ಉತ್ತರ: ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡುವವರು

ಏಜೆಂಟ್ ‘ಸಾಲ ಮಾಡಿಸಿ ಕೊಡ್ತೇವೆ’ ಎಂದರೆ ಅದಕ್ಕೆ ಅರ್ಥವಿಲ್ಲ. ಮಂಜೂರು ಮಾಡುವುದು ಬ್ಯಾಂಕಿನ ಶಾಖೆ, ನೋಡುವುದು ಕೋರ್ಸಿನ ಮಾನ್ಯತೆ. ಮೇಲೆ ಹೇಳಿದ ಅನುಮತಿ ಪತ್ರ ಇಲ್ಲದಿದ್ದರೆ ನಮ್ಮಲ್ಲಿ ಫೈಲ್ ಅಲ್ಲಿಗೇ ನಿಲ್ಲುತ್ತದೆ.

ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಅಪ್ಪ-ಅಮ್ಮನ ಖಾತೆ ಇರುವ, ಮನೆಗೆ ಹತ್ತಿರದ ಶಾಖೆ ಆರಿಸಿ. ಕಾಲೇಜು ಮಂಗಳೂರಿನಲ್ಲಿದ್ದರೂ ಪೆರ್ಲದ ಶಾಖೆಯೇ ಸಾಲ ಕೊಡಬಹುದು. 4 ಲಕ್ಷದವರೆಗೆ ಮಾರ್ಜಿನ್ ಇಲ್ಲ, ಅಡಮಾನವೂ ಇಲ್ಲ. ಮಾರ್ಜಿನ್ ಅಂದರೆ ಕೈಯಿಂದ ಹಾಕಬೇಕಾದ ಪಾಲು. 4 ಲಕ್ಷ ದಾಟಿದರೆ ದೇಶದೊಳಗಿನ ಕೋರ್ಸಿಗೆ ಶೇ. 5. ಕ್ರೆಡಿಟ್ ಗ್ಯಾರಂಟಿ ಯೋಜನೆ ಇರುವುದರಿಂದ 7.5 ಲಕ್ಷದವರೆಗೆ ಜಾಗದ ಆಧಾರ ಕೇಳುವ ಹಾಗಿಲ್ಲ. ಎರಡು ವರ್ಷದ ಡಿಪ್ಲೊಮಾಕ್ಕೆ ಅಷ್ಟು ದೊಡ್ಡ ಸಾಲ ಬೇಕಾದರೆ ಆ ಕಾಲೇಜೇ ಬೇಡ ಎಂದು ನನ್ನ ಅಭಿಪ್ರಾಯ. ಮ್ಯಾನೇಜ್‌ಮೆಂಟ್ ಸೀಟಾದರೆ ಸರ್ಕಾರ ಅಥವಾ ನಿಯಂತ್ರಕ ಸಂಸ್ಥೆ ಒಪ್ಪಿದ ಫೀಸಿನಷ್ಟೇ ಲೆಕ್ಕಕ್ಕೆ ಬರುತ್ತದೆ. ‘ಡೊನೇಷನ್’ ಎಂದು ರಸೀದಿ ಇಲ್ಲದೆ ಕೊಟ್ಟದ್ದಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಬಡ್ಡಿಯ ಲೆಕ್ಕ ಎಲ್ಲರೂ ಮರೆಯುವಂಥದ್ದು. ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷ ಆದ ಮೇಲೆ, ಆದರೆ ಬಡ್ಡಿ ಮೊದಲ ದಿನದಿಂದ ಓಡುತ್ತದೆ. ಉದಾಹರಣೆಗೆ ವರ್ಷಕ್ಕೆ 1 ಲಕ್ಷದಂತೆ 2 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಮೊದಲ ಲಕ್ಷಕ್ಕೆ ಮೂರು ವರ್ಷದ ಸರಳ ಬಡ್ಡಿ 30,000, ಎರಡನೆಯದಕ್ಕೆ ಎರಡು ವರ್ಷದ್ದು 20,000. ಕಟ್ಟದೆ ಬಿಟ್ಟರೆ 50,000 ಅಸಲಿಗೆ ಸೇರಿ 2.5 ಲಕ್ಷ ಆಗುತ್ತದೆ. ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 5,312. ಆಗಾಗಿನ ಬಡ್ಡಿ ಆಗಾಗ ಕಟ್ಟಿದರೆ ಸುಮಾರು 4,249. ಆ ಬಡ್ಡಿ ಮೊದಲ ವರ್ಷ ತಿಂಗಳಿಗೆ 833 ರೂಪಾಯಿಯಷ್ಟು, ಎರಡನೇ ಲಕ್ಷ ಬಂದ ಮೇಲೆ ಅದರ ಎರಡು ಪಟ್ಟು. ಅಡಿಕೆ ಮಾರಿದಾಗ ಒಟ್ಟಿಗೆ ಕಟ್ಟಿದರೂ ಆಯಿತು.

ಕುಟುಂಬದ ವರ್ಷದ ಆದಾಯ 4.5 ಲಕ್ಷದೊಳಗೆ ಇದ್ದರೆ ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ ಉಂಟು. ಆದರೆ ಎಲ್ಲ ಸಂಸ್ಥೆಗೂ ಅನ್ವಯಿಸದು, ಕಾಲೇಜಿನ ಹೆಸರು ಕೊಟ್ಟು ಶಾಖೆಯಲ್ಲಿ ಕೇಳಿ. ಪಿಎಂ ವಿದ್ಯಾಲಕ್ಷ್ಮಿ ಎಂಬ 2024ರ ಯೋಜನೆ ಆಯ್ದ ಉನ್ನತ ಸಂಸ್ಥೆಗಳಿಗೆ ಮಾತ್ರ. ಹೆಸರು ಒಂದೇ ಥರ ಇದೆ ಎಂದು ಮೇಲಿನ ಪೋರ್ಟಲನ್ನೂ ಈ ಯೋಜನೆಯನ್ನೂ ಒಂದೇ ಎಂದುಕೊಳ್ಳಬೇಡಿ. ಒಬಿಸಿ ಕುಟುಂಬವಾದರೆ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಶಿಕ್ಷಣ ಸಾಲದ ಬಡ್ಡಿಯನ್ನೂ ಹೋಲಿಸಿ ನೋಡಿ.

ಪಾಲುಪಟ್ಟಿ ಆಗದ ತೋಟದ ಚಿಂತೆ ಇಲ್ಲಿ ಬೇಡ. ಅಡಮಾನ ಇಟ್ಟರೆ ಎಲ್ಲ ಪಾಲುದಾರರ ಸಹಿ, ತೀರ್ವೆ ರಸೀದಿ, ಪೊಸೆಷನ್ ಸರ್ಟಿಫಿಕೇಟ್, ಜಾಗದ ಮೇಲೆ ಋಣ ಇಲ್ಲ ಎಂಬ ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್ ಎಲ್ಲ ಬೇಕಾಗುತ್ತಿತ್ತು. 7.5 ಲಕ್ಷದೊಳಗೆ ಅದರ ಗೋಜಿಲ್ಲ.

ಪ್ರಶ್ನೆ ಕೇಳಿದವರು

ತುಂಬ ಉಪಕಾರ. ಏಜೆಂಟನ ಹತ್ತಿರ ಅನುಮತಿ ಪತ್ರ ಕೇಳಿದೆ, ‘ಅದು ಆಫೀಸಿನಲ್ಲಿ ಉಂಟು’ ಅಂದ. ಫೀಸು, ಹಾಸ್ಟೆಲ್ ಬಿಟ್ಟು ಬೇರೆ ಏನು ಖರ್ಚು ಬರುತ್ತದೆ? ಭಾವ ಕೇಳುವುದು ಇನ್ನೊಂದು: ಕಲಿತು ಗಲ್ಫಿಗೆ ಹೋಗಬಹುದಾ, ಕೆನಡಾಕ್ಕೆ ಹೋಗಬಹುದಾ ಅಂತ.

ಉತ್ತರ: ಹೈಜೀನಿಸ್ಟ್, ಕಣ್ಣೂರು

ಹೆಪಟೈಟಿಸ್ ಬಿ ಲಸಿಕೆ ಈಗಲೇ ಶುರು ಮಾಡಿಸಿ. 0, 1, 6ನೇ ತಿಂಗಳು ಹೀಗೆ ಮೂರು ಡೋಸ್, ಅಂದರೆ ಅರ್ಧ ವರ್ಷ ಬೇಕು. ಸೇರಿದ ಮೇಲೆ ಶುರು ಮಾಡಿದರೆ ಲಸಿಕೆ ಮುಗಿಯುವ ಮೊದಲೇ ರಕ್ತ, ಎಂಜಲಿನ ನಡುವೆ ಕೈ ಇಡಬೇಕಾಗುತ್ತದೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ ರಿಪೋರ್ಟ್ ಇಟ್ಟುಕೊಳ್ಳಿ, ಅದರಲ್ಲಿ 10 mIU/mLಗಿಂತ ಮೇಲೆ ಇರಬೇಕು. ಹೊರದೇಶಕ್ಕೂ ಆ ರಿಪೋರ್ಟ್ ಕೇಳುತ್ತಾರೆ.

ಉಪಕರಣದ ಕಿಟ್ ಕಾಲೇಜು ಪಟ್ಟಿ ಕೊಡುವ ಮೊದಲು ಕೊಳ್ಳಬೇಡಿ. ಕನ್ನಡಿ, ಎಕ್ಸ್‌ಪ್ಲೋರರ್, ಪ್ರೋಬ್, ಸ್ಕೇಲರ್‌ಗಳು, ಒಸಡಿನಡಿ ಕೆರೆಯುವ ಗ್ರೇಸಿ ಕ್ಯುರೆಟ್‌ಗಳು, ಅಭ್ಯಾಸಕ್ಕೆ ಟೈಪೊಡಾಂಟ್ ಎಂಬ ಹಲ್ಲಿನ ಮಾದರಿ ಬೇಕಾಗುತ್ತದೆ. ಗ್ರೇಸಿಯ ಪೂರ್ತಿ ಸೆಟ್ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಕಲಿಕೆಗೆ ಹೆಚ್ಚು ಬಳಕೆಯಾಗುವುದು ಮುಂದಿನ ಹಲ್ಲಿಗೆ 5/6 ನಂಬರಿನದ್ದು, ದವಡೆ ಹಲ್ಲಿನ ಕೆನ್ನೆ ಮತ್ತು ನಾಲಿಗೆ ಕಡೆಗೆ 7/8, ದವಡೆ ಹಲ್ಲಿನ ಮುಂಬದಿಗೆ 11/12, ಹಿಂಬದಿಗೆ 13/14. ಸೀನಿಯರ್‌ಗಳಿಂದ ಹಳೆಯದು ಕೊಂಡರೆ ಅಲಗು ನೋಡಿ. ಸಾಣೆ ಹಿಡಿದು ಹಿಡಿದು ತೆಳ್ಳಗಾದ ಕ್ಯುರೆಟ್ ಬಾಯಿಯೊಳಗೆ ಮುರಿಯುತ್ತದೆ.

ಕಣ್ಣೂರು, ಕೋಝಿಕ್ಕೋಡ್ ಕಡೆ ಸೀಟು ಸಿಕ್ಕಿದರೆ ಮಲಯಾಳ ಮಾತಾಡಲು ಬರಬೇಕು, ಓದಲು ಬರದಿದ್ದರೂ ಪರವಾಗಿಲ್ಲ. ‘ನೋವಿದೆಯಾ, ತಣ್ಣಗೆ ಜುಮ್ಮೆನ್ನುತ್ತದಾ’ ಎಂಬಷ್ಟು ಮೊದಲ ತಿಂಗಳಲ್ಲೇ ಬೇಕಾಗುತ್ತದೆ.

ಉತ್ತರ: ದುಬೈಯಿಂದ, ಮೂಲ ಕುಂಬಳೆ

ಗಲ್ಫಿನಲ್ಲಿ ಸರ್ಟಿಫಿಕೇಟ್ ತಂದು ತೋರಿಸಿದರೆ ಸಾಲದು. ಡೇಟಾಫ್ಲೋ ಎಂಬ ಕಂಪನಿ ಕಾಲೇಜು, ಕೌನ್ಸಿಲ್, ಕೆಲಸ ಮಾಡಿದ ಕ್ಲಿನಿಕ್ ಮೂರಕ್ಕೂ ನೇರ ಬರೆದು ವಿಚಾರಿಸುತ್ತದೆ. ಕೌನ್ಸಿಲ್ ರಿಜಿಸ್ಟ್ರೇಷನ್ ಇಲ್ಲದ ‘ಡಿಗ್ರಿ’ ಅಲ್ಲಿ ಸಿಕ್ಕಿಬೀಳುತ್ತದೆ. ಕ್ಲಿನಿಕ್‌ನಲ್ಲಿ ಕೆಲಸ ಮಾಡುವಾಗ ಸಂಬಳ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ, ಅನುಭವಕ್ಕೆ ಪುರಾವೆ ಅದೇ. ಯುಎಇಗೆ ಅಪೊಸ್ಟಿಲ್, ಅಂದರೆ ಸರ್ಟಿಫಿಕೇಟಿಗೆ ನಮ್ಮ ವಿದೇಶಾಂಗ ಇಲಾಖೆ ಹಾಕುವ ಅಂತರರಾಷ್ಟ್ರೀಯ ದೃಢೀಕರಣ, ನಡೆಯುವುದಿಲ್ಲ, ರಾಯಭಾರ ಕಚೇರಿಯ ದೃಢೀಕರಣ ಬೇಕು. ಸೌದಿಗೆ 2022ರ ಡಿಸೆಂಬರ್‌ನಿಂದ ಅಪೊಸ್ಟಿಲ್ ಸಾಕು.

ಅಮೆರಿಕ, ಕೆನಡಾ ಲೆಕ್ಕ ಬೇರೆ. ಡೆಂಟಲ್ ಹೈಜೀನ್ ಡಿಗ್ರಿ ಎನ್ನುವುದು ನಿಜವಾಗಿ ಅಲ್ಲಿನ ಮಾತು. ಅಮೆರಿಕದಲ್ಲಿ ಲೈಸೆನ್ಸ್ ಸಿಗುವುದು ಸಾಮಾನ್ಯವಾಗಿ ಕೋಡಾ (ದಂತ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಅಲ್ಲಿನ ಸಂಸ್ಥೆ) ಒಪ್ಪಿದ ಅಲ್ಲಿನ ಕೋರ್ಸ್ ಮುಗಿಸಿ, ನ್ಯಾಷನಲ್ ಬೋರ್ಡ್ ಪರೀಕ್ಷೆ ಪಾಸಾದವರಿಗೆ. ಇಲ್ಲಿನ ಡಿಪ್ಲೊಮಾ ಅದಕ್ಕೆ ಬದಲಿ ಆಗುವುದಿಲ್ಲ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ ಕಾಲೇಜು ಮಟ್ಟದಲ್ಲಿ ಮೊದಲೇ ಓದಿರಬೇಕೆಂದು ಹೆಚ್ಚಿನವರು ಕೇಳುತ್ತಾರೆ. ಓದಲು ಹೋಗುವವರ ಕೆನಡಾ ವೀಸಾಕ್ಕೆ 2025ರ ಸೆಪ್ಟೆಂಬರ್ 1ರಿಂದ ಒಬ್ಬರ ಖರ್ಚಿಗೇ 22,895 ಕೆನಡಾ ಡಾಲರ್ ತೋರಿಸಬೇಕು, ಫೀಸು ಅದರ ಮೇಲೆ. ಅಷ್ಟಕ್ಕೆ ತೋಟ ಅಡಮಾನ ಇಡಲೇಬೇಕಾಗುತ್ತದೆ, ಮಾರ್ಜಿನ್ ಶೇ. 15. ಭಾವನಿಗೆ ಸದ್ಯ ಆ ಯೋಚನೆ ಬಿಡಲು ಹೇಳಿ.

ಉತ್ತರ: ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡುವವರು

ಒಂದು ಬಿಟ್ಟುಹೋಯಿತು. ದುಡ್ಡು ಕಟ್ಟುವುದಾದರೆ ಕಾಲೇಜಿನ ಹೆಸರಿನ ಖಾತೆಗೆ ಮಾತ್ರ, ರಸೀದಿ ಸಮೇತ. ಸೀಟು ಬಿಟ್ಟರೆ ಫೀಸು ವಾಪಸ್ ಕೊಡುವ ಬಗ್ಗೆ ಯುಜಿಸಿಯ 2018ರ ಸುತ್ತೋಲೆ ಉಂಟು: ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮುಂಚೆ ಬಿಟ್ಟರೆ ಅಲ್ಪ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ, ಅದಾದ ಮೇಲೆ ಕೊನೆಯ ದಿನದೊಳಗೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 16ರಿಂದ 30ನೇ ದಿನದವರೆಗೆ ಶೇ. 50, ಆಮೇಲೆ ಏನೂ ಇಲ್ಲ. ಮೂಲ ಸರ್ಟಿಫಿಕೇಟ್ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದೂ ಅದರಲ್ಲೇ ಇದೆ. ವಿಶ್ವವಿದ್ಯಾಲಯ ಮತ್ತು ಅದರಡಿಯ ಕಾಲೇಜುಗಳಿಗೆ ಇದು ಅನ್ವಯ. ಏಜೆಂಟನ ಗೂಗಲ್ ಪೇ ನಂಬರಿಗೆ ಹಾಕಿದ ದುಡ್ಡಿಗೆ ಈ ಯಾವ ಲೆಕ್ಕವೂ ಇಲ್ಲ.