ಮುಳುಗಡೆಯಲ್ಲಿ ಚದುರಿದ ನಮ್ಮ ಓಣಿಗೆ ಒಂದು ಸಣ್ಣ ಸರ್ವರ್: ಸ್ವಂತ ಕೋಡ್ ಮುಂದುವರಿಸಲಾ?

ನವನಗರದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ನವನಗರದವನು. ಹಗಲು ಒಂದು ಕಂಪನಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇನೆ. ರಾತ್ರಿ ಊಟ ಆದಮೇಲೆ ಒಂದೆರಡು ತಾಸು ನನ್ನದೇ ಕೆಲಸ. ಎಂಟು ತಿಂಗಳಿಂದ ಒಂದೇ ಪ್ರಾಜೆಕ್ಟ್ ಹಿಡಿದು ಕೂತಿದ್ದೇನೆ.

ಹಿನ್ನೆಲೆ ಸ್ವಲ್ಪ ಹೇಳಲೇಬೇಕು. ಆಲಮಟ್ಟಿ ಹಿನ್ನೀರು ಘಟಪ್ರಭೆಯಲ್ಲಿ ಏರಿತು. ಹಳೇ ಬಾಗಲಕೋಟೆಯ ತಗ್ಗಿನ ಭಾಗ ಮುಳುಗಡೆಗೆ ಹೋಯಿತು. ಅದರಲ್ಲಿ ನಮ್ಮ ಓಣಿಯೂ ಇತ್ತು. ನವನಗರದಲ್ಲಿ ಪ್ಲಾಟ್ ಸಿಕ್ಕಿತು, ಓಣಿ ಸಿಗಲಿಲ್ಲ. ನಾವು ಒಂದು ಸೆಕ್ಟರ್, ಎದುರುಮನೆ ಕಾಕಾ ಇನ್ನೊಂದು ಸೆಕ್ಟರ್, ಹಿಟ್ಟಿನ ಗಿರಣಿಯವರು ವಿದ್ಯಾಗಿರಿ ಕಡೆ. ಮೊದಲು ಅಜ್ಜಿ ಕಟ್ಟೆ ಮೇಲೆ ಕೂತು ಕೂಗಿದರೆ ಕಾಕಾ ಹೊರಗೆ ಬರುತ್ತಿದ್ದರು. ಈಗ ಆಟೋ ಹಿಡಿಯಬೇಕು.

ಕೆಲವು ವರ್ಷದ ಹಿಂದೆ ಓಣಿಯವರೆಲ್ಲ ಒಂದು ದೊಡ್ಡ ಜಾಲತಾಣದಲ್ಲಿ ಗುಂಪು ಮಾಡಿಕೊಂಡಿದ್ದೆವು. ಹಳೇ ಮನೆಗಳ ಫೋಟೊ, ಮದುವೆ ಫೋಟೊ, ಹೋಳಿಯ ಬಣ್ಣದ ಬಂಡಿಗಳ ಫೋಟೊ. ನಾನೂರರ ಹತ್ತಿರ ಆಗಿದ್ದವು. ಒಂದು ದಿನ ಗುಂಪು ನಡೆಸುತ್ತಿದ್ದ ಅಣ್ಣನ ಖಾತೆ ಬಂದ್ ಆಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ಮೇಲ್ ಮೇಲೆ ಮೇಲ್ ಬರೆದೆವು, ಉತ್ತರ ಬರಲಿಲ್ಲ. ಅಜ್ಜಿ, "ಮತ್ತೊಮ್ಮೆ ಮುಳುಗಿತೇನೋ ತಮ್ಮಾ" ಅಂದಳು. ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಆಗ ಮಾಸ್ಟೊಡಾನ್ ಕಡೆ ನೋಡಿದೆ. ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟು ನಡೆಸಬಹುದಾದ ಜಾಲತಾಣ ಅದು. ಸರ್ವರ್‌ಗಳು ಒಂದಕ್ಕೊಂದು ಮಾತಾಡೋಕೆ ಅದರ ಬೇರಿನಲ್ಲಿರುವ ಆಕ್ಟಿವಿಟಿಪಬ್ ಓದಿದೆ. 2018ರಲ್ಲಿ ವೆಬ್‌ನ ನಿಯಮ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಒಪ್ಪಿದ ನಿಯಮ ಅದು. ಪ್ರತಿಯೊಬ್ಬರಿಗೂ ಒಂದು ಇನ್‌ಬಾಕ್ಸ್, ಒಂದು ಔಟ್‌ಬಾಕ್ಸ್. ನಮ್ಮ ಸರ್ವರ್ ಇನ್ನೊಂದು ಸರ್ವರ್‌ಗೆ ಹೋಗಿ ಅಲ್ಲಿಯವರ ಇನ್‌ಬಾಕ್ಸ್‌ನಲ್ಲಿ ಚೀಟಿ ಹಾಕಿ ಬರುತ್ತದೆ. ಮನೆ ಬೇರೆ ಬೇರೆ, ಮಾತು ಮಾತ್ರ ನಡೆಯುತ್ತಲೇ ಇರುತ್ತದೆ. ಪುಣೆಯಲ್ಲಿರುವ ನಮ್ಮ ಅತ್ತೆಯ ಮಗ ಬೇರೆ ಸರ್ವರ್‌ನಲ್ಲಿದ್ದರೂ ನಮ್ಮ ಫೋಟೊ ನೋಡಬಹುದು. ವಾಟ್ಸಾಪ್ ಗುಂಪು ಸಾಲದಾ ಅಂತ ಕೇಳಬಹುದು. ಅಲ್ಲಿ ಹೊಸದಾಗಿ ಸೇರಿದವರಿಗೆ ಹಳೇದು ಪೂರ್ತಿ ಕಾಣೋದಿಲ್ಲ, ಫೋನ್ ಕೆಟ್ಟರೆ ಫೋಟೊನೂ ಹೋಗಬಹುದು.

ಪೈಥಾನ್‌ನಲ್ಲಿ ನಾನೇ ಒಂದು ಸಣ್ಣ ಸರ್ವರ್ ಬರೆದೆ. ಮನೆಯ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಓಡುತ್ತಿದೆ. ಮಾಸ್ಟೊಡಾನ್‌ನಲ್ಲಿದ್ದ ಗೆಳೆಯನಿಗೆ ನನ್ನ ಮೊದಲ ಪೋಸ್ಟ್ ತಲುಪಿದಾಗ ರಾತ್ರಿ ಒಂದೂವರೆ. ಆ ಖುಷಿಗೆ ನಿದ್ದೆ ಬರಲಿಲ್ಲ. ಆದರೆ ಹ್ಯಾಶ್‌ಟ್ಯಾಗ್ ಕೆಲಸ ಮಾಡುತ್ತಿಲ್ಲ. #ಬಾಗಲಕೋಟೆ ಅಂತ ಬರೆದರೆ ಬರೀ "ಬ" ಉಳಿಯುತ್ತೆ. ಸರ್ವರ್ ಸದ್ಯ ಪುಕ್ಕಟೆ ಸಿಕ್ಕ ಒಂದು ಡೊಮೇನ್ (ವೆಬ್ ವಿಳಾಸ) ಹೆಸರಿನಲ್ಲಿದೆ, ಆಮೇಲೆ ಬದಲಿಸೋಣ ಅಂತ ಬಿಟ್ಟಿದ್ದೇನೆ.

ಇದನ್ನೇ ಮುಂದುವರಿಸಲಾ? ಇಲ್ಲ, ಗೋಟುಸೋಶಿಯಲ್ ಥರದ ಸಿದ್ಧ ಸರ್ವರ್ ಸಾಫ್ಟ್‌ವೇರ್ ಹಾಕಿಬಿಡಲಾ? ಓಣಿಯ ಸುಮಾರು ಅರವತ್ತು ಜನ ಬರಬಹುದು.

ಟಿಳಕವಾಡಿಯಿಂದ

ತಮ್ಮಾ, ಕೋಡ್ ವಿಷಯ ಆಮೇಲೆ. ಆ ಪುಕ್ಕಟೆ ಡೊಮೇನ್ ಮೇಲೆ ಒಬ್ಬರನ್ನೂ ಸೇರಿಸಬೇಡ.

ಆಕ್ಟಿವಿಟಿಪಬ್‌ನಲ್ಲಿ ಡೊಮೇನ್ ಹೆಸರೇ ನಿನ್ನ ಗುರುತು. ಬೇರೆ ಸರ್ವರ್‌ಗಳು ನಿನ್ನ ಜನರನ್ನು, ಅವರ ಪೋಸ್ಟ್‌ಗಳನ್ನು ಆ ವಿಳಾಸದಿಂದಲೇ ನೆನಪಿಡುತ್ತವೆ. ಹೆಸರು ಬದಲಾದರೆ ಅವರಿಗೆ ನೀವು ಹೊಸ ಮಂದಿ. ಮಾಸ್ಟೊಡಾನ್‌ನಲ್ಲಿ ಖಾತೆ ಸ್ಥಳಾಂತರ ಅಂತ ಒಂದು ಸೌಲಭ್ಯ ಇದೆ, ನಿಜ. ಫಾಲೋವರ್ಸ್ ಹೊಸ ಖಾತೆಗೆ ಬರುತ್ತಾರೆ. ಹಳೇ ಪೋಸ್ಟ್‌ಗಳು ಅಲ್ಲೇ ಉಳಿಯುತ್ತವೆ. ಮೊದಲು ಸ್ವಂತ ಡೊಮೇನ್ ತಗೋ. ಒಮ್ಮೆಲೇ ಹತ್ತು ವರ್ಷಕ್ಕೆ ದುಡ್ಡು ಕಟ್ಟಬಹುದು. ನವೀಕರಣದ ಮೇಲ್ ನಿನಗೊಬ್ಬನಿಗೇ ಬರೋ ಹಾಗೆ ಇಡಬೇಡ, ಇನ್ನೊಬ್ಬರ ಕೈಯಲ್ಲೂ ಪಾಸ್‌ವರ್ಡ್ ಇರಲಿ.

ನಮ್ಮ ಮನೆಯವರಿಗಾಗಿ ನಾನು ಗೋಟುಸೋಶಿಯಲ್ ನಡೆಸುತ್ತಿದ್ದೇನೆ. ಮಾಸ್ಟೊಡಾನ್ ಹಾಕಿದರೆ ಪೋಸ್ಟ್‌ಗ್ರೆಸ್, ರೆಡಿಸ್, ಸೈಡ್‌ಕಿಕ್ ಅಂತ ಬೇರೆ ಬೇರೆ ಪ್ರೋಗ್ರಾಂಗಳನ್ನೆಲ್ಲ ಸಾಕಬೇಕು. ಗೋಟುಸೋಶಿಯಲ್ ಒಂದೇ ಪ್ರೋಗ್ರಾಂ, ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್ ಮೇಲೆ ಓಡುತ್ತೆ, 1 ಜಿಬಿ ರ‍್ಯಾಮ್‌ನ ಬಾಡಿಗೆ ಸರ್ವರ್ ಸಾಕು. ಅದಕ್ಕೆ ತನ್ನದೇ ಆಪ್ ಇಲ್ಲ, ಓಣಿಯವರ ಆಂಡ್ರಾಯ್ಡ್ ಫೋನ್‌ಗೆ ಮಾಸ್ಟೊಡಾನ್‌ನ ಟಸ್ಕಿ ಆಪ್ ಹಾಕಿಕೊಡು. ಮನೆ ಪೈ ಬೇಡ. ಮನೆ ಇಂಟರ್ನೆಟ್‌ಗೆ ಎಷ್ಟೋ ಸಲ ಸ್ವಂತ ಐಪಿ (ಇಂಟರ್ನೆಟ್‌ನಲ್ಲಿ ಗುರುತಿಸುವ ನಂಬರ್) ಇರಲ್ಲ, ಹಲವು ಮನೆಗೆ ಸೇರಿ ಒಂದೇ ಇರುತ್ತೆ. ಕರೆಂಟ್ ಹೋಗಿ ಹೋಗಿ ಎಸ್‌ಡಿ ಕಾರ್ಡ್ ಕೆಟ್ಟರೆ ಮತ್ತದೇ ಕಥೆ ಆಗುತ್ತೆ.

ಬ್ಯಾಕಪ್ ಮಾಡುವಾಗ ಓಡುತ್ತಿರುವ ಡೇಟಾಬೇಸ್ ಫೈಲನ್ನು ಸುಮ್ನೆ ಕಾಪಿ ಮಾಡಬೇಡ, ಅರ್ಧಂಬರ್ಧ ಬರಬಹುದು. ಎಸ್‌ಕ್ಯೂಲೈಟ್‌ನ ಬ್ಯಾಕಪ್ ಆಜ್ಞೆಯನ್ನೇ ಬಳಸು. ಖಾತೆಗಳ ಗುಟ್ಟಿನ ಕೀಲಿಗಳೂ ಅದರಲ್ಲೇ ಇರುತ್ತವೆ. ಫೋಟೊ ಇರುವ ಫೋಲ್ಡರ್ ಬೇರೆ, ಅದನ್ನೂ ಮರೀಬೇಡ.

ವಿಜಯಪುರದ ಪೈಥಾನಿಗ

ಹ್ಯಾಶ್‌ಟ್ಯಾಗ್ ತೊಂದರೆ ನನಗೂ ಆಗಿತ್ತು ರೀ. ತಪ್ಪು ನಿಮ್ಮದಲ್ಲ. ಪಠ್ಯದಲ್ಲಿ ಪದ ಹುಡುಕೋಕೆ ಪೈಥಾನ್ ಜೊತೆ ಬರುವ ಆರ್‌ಇ (re) ಲೈಬ್ರರಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (\w) ಅಂದರೆ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಮಾತ್ರ. ನಮ್ಮ ದೀರ್ಘ, ಗುಡಿಸು, ಕೊಂಬು, ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ ಇವನ್ನೆಲ್ಲ, ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್ "ಮಾರ್ಕ್" ಅಂತ ಬೇರೆ ಗುಂಪಿನಲ್ಲಿಟ್ಟಿದೆ. ಅದಕ್ಕೇ "ಬಾ" ಬಂದಾಗ "ಬ" ಹಿಡಿದು ದೀರ್ಘದ ಮುಂದೆ ನಿಂತುಬಿಡುತ್ತೆ. ರೆಗೆಕ್ಸ್ ಅನ್ನುವ ಬೇರೆ ಪ್ಯಾಕೇಜ್ ಹಾಕಿ, ಅದರಲ್ಲಿ ಮಾರ್ಕ್‌ಗಳೂ ಸೇರುತ್ತವೆ.

ಇನ್ನೊಂದು ಮಾತು. "ಕೋ"ದಲ್ಲಿರುವ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಎರಡು ಬೇರೆ ಬಾಗಲಕೋಟೆ. ಉಳಿಸುವ ಮೊದಲು ಎಲ್ಲವನ್ನೂ ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತನ್ನಿ. ಪದದ ನಡುವೆ ಬರುವ ಕಾಣದ ಸಂಕೇತ, ಜ಼ೀರೊ ವಿಡ್ತ್ ನಾನ್ ಜಾಯ್ನರ್, ಅದನ್ನೂ ಹ್ಯಾಶ್‌ಟ್ಯಾಗ್‌ನಲ್ಲಿ ಬರಬಹುದಾದ ಸಂಕೇತಗಳ ಪಟ್ಟಿಗೆ ಕೈಯಿಂದಲೇ ಸೇರಿಸಿ.

ನಿಮ್ಮ ಕೋಡ್ ಬಿಡಬೇಡಿ. ಓಣಿಯವರ ಫೋಟೊ ಅದರ ಮೇಲೆ ಇಡಬೇಡಿ, ಅಷ್ಟೇ. ಕಲಿಯೋಕೆ ಅದು ಇರಲಿ.

ಹಳೇ ಊರಿನ ಮಾಸ್ತರ

ಅಪ್ಪಾ, ನಿಮ್ಮ ಸರ್ವರ್ ಮಾತು ನನಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ನಾನೂ ಮುಳುಗಡೆಯವನೇ. ಒಂದು ಕೇಳುತ್ತೇನೆ. ಫೋಟೊದಲ್ಲಿರುವವರ ಹೆಸರು ಎಲ್ಲಿ ಬರೆಯುತ್ತೀರಿ? ನನ್ನ ಹತ್ತಿರ ಒಂದು ಡಬ್ಬಿ ತುಂಬ ಫೋಟೊ ಇವೆ. ಹಲಗೆ ವಾದ್ಯ ಹಿಡಿದು ನಿಂತ ಹುಡುಗರಲ್ಲಿ ಇಬ್ಬರ ಹೆಸರು ನನಗೊಬ್ಬನಿಗೇ ಗೊತ್ತು. ನನಗೆ ಎಪ್ಪತ್ತೆಂಟು.

ನವನಗರದ ಹುಡುಗ

ಟಿಳಕವಾಡಿ ಅಕ್ಕಾ, ಬೆಳಿಗ್ಗೆಯೇ ಡೊಮೇನ್ ತಗೊಂಡೆ, ಹತ್ತು ವರ್ಷಕ್ಕೆ. ನಮ್ಮ ಓಣಿಯ ಹೆಸರೇ ಸಿಕ್ಕಿತು. ಪಾಸ್‌ವರ್ಡ್ ಅತ್ತೆಯ ಮಗನಿಗೂ ಕೊಟ್ಟಿದ್ದೇನೆ. ಜನ ಬರುತ್ತಾರೆ, ಪೋಸ್ಟ್ ಅಲ್ಲೇ ಉಳಿಯುತ್ತೆ ಅಂತ ನೀವು ಬರೆದದ್ದನ್ನು ಎರಡು ಸಲ ಓದಿದೆ. ಗೋಟುಸೋಶಿಯಲ್ಲೇ ಹಾಕುತ್ತೇನೆ. ವಿಜಯಪುರದವರೇ, ರೆಗೆಕ್ಸ್ ಹಾಕಿದ ಮೇಲೆ #ಬಾಗಲಕೋಟೆ ಪೂರ್ತಿ ಬಂತು.

ಮಾಸ್ತರರೇ, ಪ್ರತಿ ಫೋಟೊದ ಜೊತೆ ವಿವರಣೆ ಬರೆಯೋಕೆ ಜಾಗ ಇದೆ. ಕಣ್ಣು ಕಾಣದವರಿಗೆ ಫೋನ್ ಅದನ್ನು ಓದಿ ಹೇಳುತ್ತೆ. ಹೆಸರುಗಳನ್ನು ಅಲ್ಲೇ ಬರೆಯುತ್ತೇನೆ. ಸರ್ವರ್ ಸಿದ್ಧ ಆಗೋವರೆಗೆ ಕಾಯೋದು ಬೇಡ. ಈ ಭಾನುವಾರ ಅಜ್ಜಿಯನ್ನೂ ಕರೆದುಕೊಂಡು ನಿಮ್ಮಲ್ಲಿಗೆ ಬರಲಾ? ನೋಟ್‌ಬುಕ್ ತರುತ್ತೇನೆ. ನೀವು ಯಾವ ಸೆಕ್ಟರ್ ಅಂತ ನನಗೊಬ್ಬನಿಗೇ ಮೆಸೇಜ್ ಮಾಡಿ.